ಸೋತವರ ಗುಂಪುಚಿತ್ರ

ಕ್ರೀಡೆಯ ಕುರಿತ ಸಿನಿಮಾ ನೋಡುವಾಗಲೆಲ್ಲ ನನಗೊಂದು ಕಸಿವಿಸಿ. ಮಧ್ಯಂತರ ಮುಗಿದು ಸ್ವಲ್ಪ ಹೊತ್ತಾಗುವಷ್ಟರಲ್ಲಿ ಆಟ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದು ಗೊತ್ತಾಗಿಬಿಡುತ್ತದೆ. ಫೈನಲ್ ಪಂದ್ಯ, ಸಮಬಲದ ಅಂಕ, ಗಡಿಯಾರದಲ್ಲಿ ಉಳಿದ ಕೆಲವೇ ಸೆಕೆಂಡುಗಳು, ಗ್ಯಾಲರಿಯಲ್ಲಿ ಕೈಮುಗಿದು ನಿಂತ ತಾಯಿ, ಆಮೇಲೆ ಗೋಲು. ಇಂಥ ಚಿತ್ರಗಳನ್ನು ನಾನು ಇಷ್ಟಪಟ್ಟೇ ನೋಡುತ್ತೇನೆ, ಆ ಗೋಲು ಬಿದ್ದಾಗ ಗಂಟಲೂ ಕಟ್ಟುತ್ತದೆ. ಆದರೆ ವಿರಾಜಪೇಟೆಯಲ್ಲಿ ಹುಟ್ಟಿ, ಪ್ರತಿ ಬೇಸಿಗೆಯಲ್ಲೂ ಯಾವುದಾದರೊಂದು ಮೈದಾನದ ಅಂಚಿನಲ್ಲಿ ಕುಳಿತು ಬೆಳೆದ ನನಗೆ, ಪರದೆಯ ಮೇಲಿನ ಆಟಕ್ಕೂ ಏಪ್ರಿಲ್‌ನ ಧೂಳಿನಲ್ಲಿ ನಾನು ನೋಡುವ ಆಟಕ್ಕೂ ತಾಳೆಯಾಗುವುದಿಲ್ಲ. ಚೆನ್ನಾಗಿ ಆಡುವವರು, ಸುಮಾರಾಗಿ ಆಡುವವರು ಎಂಬ ವ್ಯತ್ಯಾಸದ ಮಾತಲ್ಲ ಇದು. ಸಿನಿಮಾದಲ್ಲಿ ಯಾವುದೋ ಒಂದು ದೊಡ್ಡ ಭಾಗವೇ ಬಿಟ್ಟುಹೋಗಿದೆ ಎಂದು ಬಹಳ ಕಾಲದಿಂದ ಅನ್ನಿಸುತ್ತಿತ್ತು. ಯಾವ ಭಾಗ ಎಂಬುದನ್ನು ಬರೆಯುತ್ತಲೇ ಕಂಡುಕೊಳ್ಳೋಣ ಎಂದು ಕುಳಿತಿದ್ದೇನೆ.

ಕೊಡವ ಕುಟುಂಬಗಳ ಹಾಕಿ ಹಬ್ಬ ಗೊತ್ತಿಲ್ಲದವರು ಈಗ ಕಡಿಮೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ 60 ಕುಟುಂಬಗಳನ್ನು ಸೇರಿಸಿ ಶುರುಮಾಡಿದ ಆಟ, 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳೊಂದಿಗೆ ಗಿನ್ನಿಸ್ ದಾಖಲೆ ಸೇರಿತು. ಮರುವರ್ಷ ಮಡಿಕೇರಿಯಲ್ಲಿ 396 ಕುಟುಂಬಗಳು ಆಡಿದವು. ಈ ಸಂಖ್ಯೆಗಳನ್ನು ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ, ನಾನೂ ಹೇಳುತ್ತೇನೆ. ಅದರ ಬೆನ್ನಿಗೇ ಇರುವ ಇನ್ನೊಂದು ಲೆಕ್ಕ ನನ್ನನ್ನು ಹೆಚ್ಚು ಕಾಡುತ್ತದೆ. ಇದು ಸೋತವರು ಹೊರಹೋಗುವ ನಾಕೌಟ್ ಆಟ. 396 ಕುಟುಂಬಗಳು ಆಡಿದರೆ 395 ಕುಟುಂಬಗಳು ಒಂದಲ್ಲ ಒಂದು ದಿನ ಸೋತು ಮನೆಗೆ ಹೋಗಲೇಬೇಕು. ಅವರಲ್ಲಿ ಬಹಳಷ್ಟು ಮಂದಿಯ ಹಬ್ಬ ಮೊದಲ ಪಂದ್ಯಕ್ಕೇ ಮುಗಿದುಹೋಗುತ್ತದೆ. ಇದು ಆಡಲು ಬರುವ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಬೆಂಗಳೂರು, ಮೈಸೂರುಗಳಿಂದ, ಸೇನೆಯ ರಜೆ ಹಾಕಿಕೊಂಡು ದೂರದ ಛಾವಣಿಗಳಿಂದ ಬರುತ್ತಾರೆ. ಒಂದು ಗಂಟೆಯೊಳಗೆ ಮುಗಿದುಹೋಗುವ ಪಂದ್ಯಕ್ಕೆ ಒಂದೇ ಬಣ್ಣದ ಜೆರ್ಸಿ ಹೊಲಿಸಿಕೊಂಡು, ಅದರ ಬೆನ್ನ ಮೇಲೆ ಒಕ್ಕದ, ಅಂದರೆ ತಮ್ಮ ಮನೆತನದ, ಹೆಸರು ಬರೆಸಿಕೊಂಡು ಬರುತ್ತಾರೆ.

ನಾನು ಯಾವ ಒಕ್ಕಕ್ಕೂ ಸೇರಿದವಳಲ್ಲ. ನಮ್ಮದು ಪೇಟೆಯಲ್ಲಿ ಅಂಗಡಿ ಇಟ್ಟುಕೊಂಡು ಬದುಕಿದ, ಕನ್ನಡ ಮಾತಾಡುವ ಮನೆ. ಆದ್ದರಿಂದ ನನ್ನದು ಪ್ರೇಕ್ಷಕಳ ಮಾತು. ಯಾವ ತಂಡ ಗೆದ್ದರೂ ನನಗೆ ಒಂದೇ ಆಗಿರುವುದರಿಂದ, ಚೆಂಡಿನಿಂದ ಆಗಾಗ ಕಣ್ಣು ತೆಗೆದು ಬೇರೆ ಕಡೆ ನೋಡುವ ಸ್ವಾತಂತ್ರ್ಯವೂ ನನಗಿದೆ.

ಐದು ಗೋಲು ಬಿದ್ದ ಮೇಲೆ

ನಾಪೋಕ್ಲುವಿನಲ್ಲಿ ನೋಡಿದ ಒಂದು ಪಂದ್ಯ ಮನಸ್ಸಿನಲ್ಲಿ ಉಳಿದಿದೆ. ಆರಂಭದ ಸುತ್ತು, ಮಧ್ಯಾಹ್ನದ ಹೊತ್ತು. ಬೆಳಿಗ್ಗೆ ಟ್ಯಾಂಕರ್‌ನಲ್ಲಿ ನೀರು ಹಾಕಿದ್ದ ಮಣ್ಣು ಆಗಲೇ ಒಣಗಿ, ಆಟಗಾರರು ಓಡಿದ ಕಡೆಯೆಲ್ಲ ಮೊಣಕಾಲಿನವರೆಗೆ ಕೆಂಪು ಧೂಳು ಏಳುತ್ತಿತ್ತು. ಸುಣ್ಣದ ಗೆರೆ ಗೋಲಿನ ಮುಂದಿನ ಡಿ ವೃತ್ತದ ಹತ್ತಿರ ಅಳಿಸಿಹೋಗಿತ್ತು. ಒಂದು ಕಡೆ ಕಾಲೇಜು ತಂಡಗಳಲ್ಲಿ ಆಡುವ ಮೂರ್ನಾಲ್ಕು ಹುಡುಗರಿದ್ದ ಕುಟುಂಬ, ಇನ್ನೊಂದು ಕಡೆ ಹನ್ನೊಂದು ಜನರನ್ನು ಹೇಗೋ ಜೋಡಿಸಿಕೊಂಡು ಬಂದ ಸಣ್ಣ ಕುಟುಂಬ. ಮೊದಲರ್ಧ ಮುಗಿಯುವಾಗಲೇ ಐದು ಗೋಲುಗಳಾಗಿದ್ದವು, ಐದೂ ಒಂದೇ ಕಡೆಗೆ. ಸಿನಿಮಾದವರಾಗಿದ್ದರೆ ಕ್ಯಾಮೆರಾವನ್ನು ಮಡಚಿ ಬೇರೆ ಮೈದಾನಕ್ಕೆ ಹೋಗುತ್ತಿದ್ದರು.

ವಿರಾಮದ ಹೊತ್ತಿಗೆ ಸೋಲುತ್ತಿದ್ದ ತಂಡದವರು ಗೆರೆಯಾಚೆ ಗುಂಪಾಗಿ ಕುಳಿತು ಕಿತ್ತಳೆ ಸುಲಿಯುತ್ತಿದ್ದರು. ಒಬ್ಬ ಹಿರಿಯರು ಎದ್ದು, ಶಾಮಿಯಾನದ ನೆರಳಲ್ಲಿ ಕುಳಿತಿದ್ದ ಹೆಂಗಸೊಬ್ಬರನ್ನು ಕರೆದರು. ಐವತ್ತು ದಾಟಿದವರು. ಆ ಮನೆಯ ಮಗಳಂತೆ, ಮದುವೆಯಾಗಿ ಬೇರೆ ಒಕ್ಕಕ್ಕೆ ಹೋದವರು. ಮದುವೆಯಾದ ಹೆಣ್ಣುಮಕ್ಕಳು ಗಂಡನ ಮನೆಗೂ ಆಡಬಹುದು, ತವರಿಗೂ ಆಡಬಹುದು ಎಂಬ ನಿಯಮ ಈ ಹಬ್ಬದಲ್ಲಿದೆಯಲ್ಲ, ಅವರು ತವರನ್ನು ಆರಿಸಿಕೊಂಡಿದ್ದರು. ಜೆರ್ಸಿ ಮೊದಲೇ ತೊಟ್ಟಿದ್ದರು. ಷೂ ಮಾತ್ರ ಹಾಕಿಕೊಂಡಿರಲಿಲ್ಲ. ತಮ್ಮ ಇರಬೇಕು, ಒಬ್ಬ ಗಂಡಸು ಅವರ ಮುಂದೆ ಮಂಡಿಯೂರಿ ಕುಳಿತು ಷೂವಿನ ದಾರ ಬಿಗಿಯುತ್ತಾ, “ಅಕ್ಕಾ, ನೀವು ಬಲಗಡೆ ಗೆರೆ ಹತ್ತಿರವೇ ನಿಲ್ಲಿ, ಚೆಂಡು ನಾನು ತಂದುಕೊಡುತ್ತೇನೆ” ಎಂದ. ಆಕೆ “ನನಗೆ ಎಲ್ಲಿ ನಿಲ್ಲಬೇಕೆಂದು ನೀನು ಹೇಳಿಕೊಡಬೇಡ” ಎಂದು ಸ್ಟಿಕ್ ಹಿಡಿದು ಎದ್ದರು. ಹಿಡಿತಕ್ಕೆ ಸುತ್ತಿದ್ದ ಹಳೆಯ ಬಟ್ಟೆಯ ಪಟ್ಟಿ ಬಿಚ್ಚಿಕೊಂಡಿತ್ತು, ನಡೆಯುತ್ತಲೇ ಅದನ್ನು ಹಲ್ಲಿನಿಂದ ಕಚ್ಚಿ ಎಳೆದು ಗಂಟು ಹಾಕಿಕೊಂಡರು.

ತಮ್ಮ ಹೇಳಿದಂತೆಯೇ ಚೆಂಡು ತಂದುಕೊಟ್ಟ. ಎದುರಾಳಿ ಹುಡುಗ ಎರಡು ಹೆಜ್ಜೆ ಹಿಂದೆ ಸರಿದ. ಅದನ್ನು ಕಂಡು ಆಕೆ ನಿಂತು, ಸ್ಟಿಕ್‌ನಿಂದ ನೆಲ ಕುಟ್ಟಿ, ಬಾ ಎಂದು ಕರೆದರು. ಹುಡುಗ ನಗುತ್ತಲೇ ಬಂದ, ಆದರೆ ಬಂದ ಮೇಲೆ ನಿಜವಾಗಿಯೇ ಆಡಿದ. ಆಕೆ ಅವನನ್ನು ಒಂದು ಬಾರಿ ದಾಟಿದರು, ಎರಡನೆಯ ಬಾರಿ ಚೆಂಡು ಕಳೆದುಕೊಂಡರು. ಕೊನೆಯಲ್ಲಿ ಒಂದು ಅವಕಾಶ ಸಿಕ್ಕಿತು. ಡಿ ವೃತ್ತದೊಳಗೆ, ಗೋಲ್‌ಕೀಪರ್ ಎಡಕ್ಕೆ ವಾಲಿದ್ದಾಗ, ಅವರು ಹೊಡೆದ ಚೆಂಡು ಕಂಬದಿಂದ ಒಂದು ಮಾರು ಹೊರಗೆ ಹೋಯಿತು. ಇಡೀ ಗ್ಯಾಲರಿ ಎದ್ದು ಕೂಗಿತು. ಪಂದ್ಯ ಮುಗಿದಾಗ ಆರು ಗೋಲುಗಳ ಅಂತರ.

ಆಮೇಲೆ ನಡೆದದ್ದನ್ನು ನಾನು ಅಂದಿನಿಂದ ಪ್ರತಿ ವರ್ಷ ಗಮನಿಸುತ್ತಾ ಬಂದಿದ್ದೇನೆ. ಗೆದ್ದ ತಂಡದವರು ಕೈಕುಲುಕಿ, ನೀರು ಕುಡಿದು, ಚೀಲ ಹೆಗಲಿಗೇರಿಸಿ ಹೊರಟರು. ಅವರಿಗೆ ಮುಂದಿನ ಪಂದ್ಯವಿದೆ, ಫೋಟೊ ಆಮೇಲೆ ತೆಗೆಸಿಕೊಂಡರಾಯಿತು. ಸೋತವರು ಮೈದಾನ ಬಿಟ್ಟು ಕದಲಲಿಲ್ಲ. ಶಾಮಿಯಾನದಲ್ಲಿದ್ದ ಅಜ್ಜ ಅಜ್ಜಿಯರನ್ನು ಕೈಹಿಡಿದು ಗೋಲುಕಂಬದ ಮುಂದೆ ಕರೆತಂದು ಕುರ್ಚಿ ಹಾಕಿ ಕೂರಿಸಿದರು. ಸೊಸೆಯಂದಿರು, ಅಳಿಯಂದಿರು, ಎತ್ತಿಕೊಂಡ ಕೂಸುಗಳು, ಆಡಿದವರು, ಆಡದವರು ಎಲ್ಲರೂ ಸೇರಿದರು. ಯಾರೋ ಒಬ್ಬರು ಕಾರು ನಿಲ್ಲಿಸಿದ ಕಡೆ ಹೋಗಿದ್ದಾರೆಂದು ಅವರಿಗಾಗಿ ಕಾದರು. ಮುಂದಿನ ಪಂದ್ಯದ ತಂಡಗಳು ಮೈದಾನಕ್ಕೆ ಇಳಿದು ಚೆಂಡು ತಟ್ಟಲು ಶುರುಮಾಡಿದ ಮೇಲೂ, ಅಂಪೈರ್ ಬಂದು ಮೆಲ್ಲಗೆ ಹೇಳಿದ ಮೇಲೂ, ಇನ್ನೊಂದು ತೆಗೆಯಿರಿ ಎನ್ನುತ್ತಿದ್ದರು. ಆರು ಗೋಲುಗಳಿಂದ ಸೋತ ಕುಟುಂಬದ ಚಿತ್ರವಿದು. ಯಾವುದೋ ಮನೆಯ ಪಡಸಾಲೆಯಲ್ಲಿ ಕಟ್ಟು ಹಾಕಿಸಿಕೊಂಡು ತೂಗುತ್ತಿರುತ್ತದೆ, ನೋಡಿದವರು ಅಂಕ ಕೇಳುವುದಿಲ್ಲ, ಇವರು ಯಾರು, ಈಗ ಎಲ್ಲಿದ್ದಾರೆ ಎಂದು ಕೇಳುತ್ತಾರೆ.

4-0 ಇದ್ದದ್ದು 4-3 ಆದದ್ದು

ಸಿನಿಮಾದ ಮಾತಿಗೆ ಬರುತ್ತೇನೆ. 1948ರ ಆಗಸ್ಟ್ 12ರಂದು ಲಂಡನ್ನಿನ ವೆಂಬ್ಲಿಯಲ್ಲಿ ಸ್ವತಂತ್ರ ಭಾರತ ಹಾಕಿಯಲ್ಲಿ ತನ್ನ ಮೊದಲ ಒಲಿಂಪಿಕ್ ಚಿನ್ನ ಗೆದ್ದಿತು. ಎದುರಾಳಿ ಬ್ರಿಟನ್, ಅಂಕ 4-0. ವರ್ಷದ ಹಿಂದಷ್ಟೇ ನಮ್ಮನ್ನು ಆಳುತ್ತಿದ್ದವರನ್ನು ಅವರ ನೆಲದಲ್ಲೇ, ಒಂದು ಗೋಲನ್ನೂ ಬಿಟ್ಟುಕೊಡದೆ ಸೋಲಿಸಿದರು. ಇದಕ್ಕಿಂತ ದೊಡ್ಡ ಕಥೆ ಬೇಕೇ? ಆ ಗೆಲುವನ್ನು ಆಧರಿಸಿ 2018ರಲ್ಲಿ ಬಂದ ‘ಗೋಲ್ಡ್’ ಚಿತ್ರಕ್ಕೆ ಅದು ಸಾಲಲಿಲ್ಲ. ಅಲ್ಲಿ ಅಂಕ 4-3 ಆಯಿತು, ಪಂದ್ಯ ಕೊನೆಯವರೆಗೂ ತೂಗುಯ್ಯಾಲೆಯಾಡಿತು. 4-3ರ ಫೈನಲ್ಲೇ ಬೇಕಿದ್ದರೆ 1980ರ ಮಾಸ್ಕೋದಲ್ಲಿ ಇತ್ತು. ಸ್ಪೇನ್ ವಿರುದ್ಧ ಭಾರತ ಗೆದ್ದ ಆ ಪಂದ್ಯದ ತಂಡದಲ್ಲಿ ನಮ್ಮ ಕೊಡಗಿನ ಎಂ.ಎಂ. ಸೋಮಯ್ಯ ಇದ್ದರು. ಆದರೆ ಅದು ಹಲವು ದೇಶಗಳು ಬಹಿಷ್ಕರಿಸಿದ ಒಲಿಂಪಿಕ್ಸ್, ಪುರುಷರ ಹಾಕಿಯಲ್ಲಿ ಆಡಿದ್ದೇ ಆರು ತಂಡಗಳು. ಗೆಲುವಿಗೆ ಒಂದು ‘ಆದರೆ’ ಅಂಟಿಕೊಂಡಿದ್ದರೆ ತೆರೆಗೆ ಅದು ಬೇಡವಾಗುತ್ತದೆ.

ಕುಸ್ತಿಯ ಚಿತ್ರ ‘ದಂಗಲ್’ನಲ್ಲೂ ಹೀಗೆಯೇ. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಫೈನಲ್‌ನಲ್ಲಿ ಗೀತಾ ಫೋಗಟ್ ಆಸ್ಟ್ರೇಲಿಯಾದ ಎದುರಾಳಿಯನ್ನು 1-0, 7-0ರಿಂದ ನಿರಾಯಾಸವಾಗಿ ಸೋಲಿಸಿದ್ದರು. ಚಿತ್ರದಲ್ಲಿ ಅಂತಿಮ ಕ್ಷಣದ ಐದು ಅಂಕಗಳ ಪಟ್ಟು ಬಂತು, ತಂದೆಯನ್ನು ಕೋಣೆಯಲ್ಲಿ ಕೂಡಿಹಾಕುವ ತರಬೇತುದಾರ ಬಂದ. ಹುಡುಗಿಯೊಬ್ಬಳು ತನ್ನ ಎದುರಾಳಿಗಿಂತ ಸ್ಪಷ್ಟವಾಗಿ ಮೇಲಾಗಿದ್ದಳು ಎಂಬ ಸರಳ ಸತ್ಯವನ್ನು ನಾವು ಟಿಕೆಟ್ ಕೊಟ್ಟು ನೋಡಲು ಒಪ್ಪುವುದಿಲ್ಲವೆಂದು ಅವರು ಭಾವಿಸಿದರು. ನನಗೆ ಇದು ನೋವಿನ ಸಂಗತಿ. ವರ್ಷಗಟ್ಟಲೆ ಬೆಳಗಿನ ಜಾವ ಎದ್ದು ಪಳಗಿದ್ದರ ಫಲವೇ ಆ 7-0. ಅದನ್ನು ಕೊನೆಯ ಕ್ಷಣದ ಪವಾಡವಾಗಿ ಬದಲಿಸಿದಾಗ ಪಳಗಿದ್ದಕ್ಕೆ ಬೆಲೆ ಕಡಿಮೆಯಾಗುತ್ತದೆ.

ಸೋಲಿನ ವಿಷಯದಲ್ಲೂ ಇದೇ ತಿದ್ದುಪಡಿ. ‘ಚಕ್ ದೇ ಇಂಡಿಯಾ’ ನನಗೆ ಬಹಳ ಪ್ರೀತಿಯ ಚಿತ್ರ. ಅದರಲ್ಲಿನ ಆಟ ಆಟದಂತೆಯೇ ಕಾಣಲು ದುಡಿದವರಲ್ಲಿ ಮುಖ್ಯರು ಮೀರ್ ರಂಜನ್ ನೇಗಿ, ನಟಿಯರಿಗೆ ಹಾಕಿ ಕಲಿಸಿದವರು. ಸ್ವತಃ ಅವರು 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಪಾಕಿಸ್ತಾನದ ವಿರುದ್ಧ ಭಾರತ 1-7ರಿಂದ ಸೋತಾಗ ಗೋಲ್‌ಕೀಪರ್ ಆಗಿದ್ದವರು. ಚಿತ್ರದ ನಾಯಕನ ಅವಮಾನ ಮಾತ್ರ ಒಂದೇ ಒಂದು ಹೊಡೆತದ್ದು, ಕೊನೆಯ ಗಳಿಗೆಯಲ್ಲಿ ತಪ್ಪಿದ ಪೆನಾಲ್ಟಿ ಸ್ಟ್ರೋಕ್. ಕಥೆ ನೇಗಿಯವರದೋ ಅಲ್ಲವೋ, ಆ ಚರ್ಚೆ ನನಗೆ ಬೇಕಿಲ್ಲ. ಒಂದು ಹೊಡೆತ ತಪ್ಪಿದ್ದನ್ನು ಇನ್ನೊಂದು ಹೊಡೆತದಿಂದ ತೀರಿಸಬಹುದು, ಲೆಕ್ಕ ಸರಿಹೋಗುತ್ತದೆ. ಏಳು ಗೋಲುಗಳನ್ನು ಯಾವುದರಿಂದ ತೀರಿಸುವುದು? ತೀರಿಸಲಾಗದೆಯೂ ಮನುಷ್ಯ ಮತ್ತೆ ಮೈದಾನಕ್ಕೆ ಬಂದು, ಹುಡುಗಿಯರಿಗೆ ಸ್ಟಿಕ್ ಹಿಡಿಯಲು ಕಲಿಸುತ್ತಾನಲ್ಲ, ನಾನು ನೋಡಬೇಕೆಂದಿರುವ ಚಿತ್ರ ಅದು.

ನಿಜವಾದ ಆಟದಲ್ಲಿ ಕೊನೆಯ ಕ್ಷಣದ ರೋಮಾಂಚನ ಇಲ್ಲವೆಂದಲ್ಲ. 2002ರ ಮ್ಯಾಂಚೆಸ್ಟರ್ ಕಾಮನ್‌ವೆಲ್ತ್ ಕೂಟದಲ್ಲಿ ನಮ್ಮ ವನಿತೆಯರು ಇಂಗ್ಲೆಂಡನ್ನು ಗೋಲ್ಡನ್ ಗೋಲಿನಿಂದ, ಅಂದರೆ ಹೆಚ್ಚುವರಿ ಸಮಯದಲ್ಲಿ ಮೊದಲು ಬಿದ್ದು ಪಂದ್ಯವನ್ನೇ ಮುಗಿಸುವ ಗೋಲಿನಿಂದ, 3-2ರಲ್ಲಿ ಸೋಲಿಸಿದರು. ಟೋಕಿಯೊ ಒಲಿಂಪಿಕ್ಸ್‌ನ ಕಂಚಿಗಾಗಿ ಜರ್ಮನಿಯ ವಿರುದ್ಧ 1-3ರಿಂದ ಹಿಂದಿದ್ದ ನಮ್ಮ ಪುರುಷರು 5-4ಕ್ಕೆ ಗೆದ್ದಾಗ, ಕೊನೆಯ ಸೆಕೆಂಡುಗಳ ಪೆನಾಲ್ಟಿ ಕಾರ್ನರನ್ನು ಗೋಲ್‌ಕೀಪರ್ ಶ್ರೀಜೇಶ್ ತಡೆದಾಗ ನಮ್ಮ ಬೀದಿಯಲ್ಲಿ ಮನೆಮನೆಯಿಂದ ಕೂಗು ಕೇಳಿಸಿತು. ಅಂಥ ದಿನಗಳು ಅಪರೂಪ, ಅದಕ್ಕೇ ಅವು ನೆನಪಿರುತ್ತವೆ. ಪ್ರತಿ ಚಿತ್ರದಲ್ಲೂ ಅದೇ ಆದರೆ ಅಪರೂಪದ್ದು ದಿನಚರಿಯಾಗಿಬಿಡುತ್ತದೆ.

ಕೊಡಗಿನ ಓಟಗಾರ್ತಿ ಅಶ್ವಿನಿ ನಾಚಪ್ಪನವರ ಬದುಕನ್ನು ಆಧರಿಸಿ 1991ರಲ್ಲಿ ‘ಅಶ್ವಿನಿ’ ಎಂಬ ತೆಲುಗು ಚಿತ್ರ ಬಂದಿತ್ತು. ನಾಯಕಿಯಾಗಿ ನಟಿಸಿದವರು ಅವರೇ. ಪಿ.ಟಿ. ಉಷಾರನ್ನು ಹಿಂದಿಕ್ಕಿದ ಕಾಲುಗಳೇ ತೆರೆಯ ಮೇಲೂ ಓಡಿದವು ಎಂಬುದು ಸಣ್ಣ ವಿಷಯವಲ್ಲ. ಆಟಗಾರರ ಪಾತ್ರಕ್ಕೆಂದು ತಿಂಗಳುಗಟ್ಟಲೆ ಮೈ ಹುರಿಗೊಳಿಸಿಕೊಂಡ ನಟರನ್ನು ಹೊಗಳುವ ನಾವು, ಆಟಗಾರ್ತಿಯೇ ತನ್ನ ಓಟವನ್ನು ಓಡಿದ ಆ ಸಂದರ್ಭವನ್ನು ನೆನೆಯುವುದೇ ಇಲ್ಲ. ಉಳಿದಂತೆ ಸಿನಿಮಾಕ್ಕೆ ಕೊಡಗು ಎಂದರೆ ಮಂಜು, ಜಲಪಾತ, ಕಾಫಿ ತೋಟದ ನಡುವೆ ಒಂದು ಹಾಡು. ಕಾಫಿ ಹೂ ಅರಳಿಸುವ ಹೂಮಳೆ ಬಂದುಹೋಗಿ, ಮುಂಗಾರು ಇನ್ನೂ ದೂರವಿರುವಾಗ ಕೆಂಪಗೆ ಒಣಗಿ ನಿಂತ ನಮ್ಮ ಏಪ್ರಿಲ್ ಅವರ ಕಣ್ಣಿಗೆ ಬಿದ್ದಿಲ್ಲ. ಊರೂರಿನಲ್ಲಿ ಆಟ ನಡೆಯುವುದೇ ಆಗ. ಕೊಯ್ಲು ಮುಗಿದಿರುತ್ತದೆ, ಶಾಲೆಗೆ ರಜೆ, ಹೊರಗಿದ್ದವರು ಊರಿಗೆ ಬಂದಿರುತ್ತಾರೆ. ಕೊಡವರ ಹಾಕಿಯಷ್ಟೇ ಅಲ್ಲ, ಗೌಡ ಕುಟುಂಬಗಳ ಕ್ರಿಕೆಟ್ ಕೂಡ ನಡೆಯುತ್ತದೆ, ಸಣ್ಣ ಊರುಗಳ ಯುವಕ ಸಂಘಗಳ ವಾಲಿಬಾಲ್, ಹಗ್ಗಜಗ್ಗಾಟಗಳಂತೂ ಲೆಕ್ಕಕ್ಕಿಲ್ಲ.

ಪಕ್ಕದ ಮನೆಯ ಹುಡುಗ

ಪಕ್ಕದ ಮನೆಯ ಹುಡುಗನೊಬ್ಬ ಒಂಬತ್ತನೆಯ ತರಗತಿಯಲ್ಲಿದ್ದಾಗ ಮೊದಲ ಬಾರಿಗೆ ತನ್ನ ಒಕ್ಕದ ತಂಡದಲ್ಲಿ ಆಡಿದ. ಮೊದಲ ಪಂದ್ಯದಲ್ಲೇ ಸೋತರು. ಸಮಬಲವಾಗಿ, ಪೆನಾಲ್ಟಿಯಲ್ಲಿ ಸೋತದ್ದು, ತಪ್ಪಿದ ಹೊಡೆತಗಳಲ್ಲಿ ಒಂದು ಅವನದು. ಅಂದು ರಾತ್ರಿ ಅವರ ಮನೆ ತುಂಬ ನೆಂಟರು, ನಾನೂ ಊಟಕ್ಕೆ ಹೋಗಿದ್ದೆ. ಕಡಂಬುಟ್ಟು, ಹಂದಿಕರಿಯ ಮುಂದೆ ಮಾತೆಲ್ಲ ಆ ಪಂದ್ಯದ್ದೇ. ಊಟವಾದ ಮೇಲೆ ಟಿವಿಯಲ್ಲಿ ಯಾವುದೋ ಆಟದ ಸಿನಿಮಾ ಬರುತ್ತಿತ್ತು, ಮಕ್ಕಳೆಲ್ಲ ಮುಂದೆ ಕುಳಿತಿದ್ದರು. ಕೊನೆಯ ಪಂದ್ಯ ಶುರುವಾದಾಗ ಇವನು ಎದ್ದು ಹೊರಗೆ ಬಂದು ಜಗಲಿಯಲ್ಲಿ ನನ್ನ ಹತ್ತಿರ ಕುಳಿತ. ನೋಡುವುದಿಲ್ಲವೇನೋ ಎಂದೆ. “ಅವನು ಹೊಡೆದೇ ಹೊಡೆಯುತ್ತಾನೆ ಆಂಟಿ. ತಪ್ಪಿದವನು ಆಮೇಲೆ ಏನು ಮಾಡಿದ ಅಂತ ಯಾವುದರಲ್ಲೂ ಬರುವುದಿಲ್ಲ” ಎಂದ.

ನನಗೆ ಉತ್ತರ ಹೊಳೆಯಲಿಲ್ಲ. ಉತ್ತರ ಕೊಟ್ಟವರು ಅವನ ಅಜ್ಜ. ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡಿದ್ದರು. ತಾವು ರೆಜಿಮೆಂಟಿನಲ್ಲಿದ್ದಾಗ ಆಡಿದ ಪಂದ್ಯವೊಂದನ್ನು ಹೇಳಿದರು, ಅದರಲ್ಲಿ ತಾವು ತಪ್ಪಿಸಿದ ಚೆಂಡನ್ನು ಹೇಳಿದರು. ಯಾವ ಕಾಲು ಮುಂದಿತ್ತು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಗೋಲ್‌ಕೀಪರ್‌ನ ಎಡಗೈ ಎಲ್ಲಿತ್ತು ಎಂಬುದೆಲ್ಲ ಅವರಿಗೆ ಸ್ಪಷ್ಟವಾಗಿ ನೆನಪಿತ್ತು. ಸಮಾಧಾನದ ಮಾತು ಒಂದೂ ಆಡಲಿಲ್ಲ. ಹುಡುಗ ಎದ್ದು ಒಳಗಿನಿಂದ ಸ್ಟಿಕ್ ತಂದ. ಅಂಗಳದ ದೀಪದ ಬೆಳಕಿನಲ್ಲಿ ಇಬ್ಬರೂ ಕಾಲಿಡುವ ಜಾಗವನ್ನು ಕುರಿತು ವಾದಿಸುತ್ತಾ ನಿಂತರು. ಒಳಗೆ ಸಿನಿಮಾದ ಗೋಲು ಬಿದ್ದು ಮಕ್ಕಳು ಕೇಕೆ ಹಾಕಿದರು.

ಕಂಬದ ಮೇಲಿನ ಕ್ಯಾಮೆರಾ

ಸಿನಿಮಾ ಬಿಟ್ಟದ್ದನ್ನು ಈಗ ಹಿಡಿದುಕೊಡುತ್ತಿರುವವರು ಪಂದ್ಯಗಳನ್ನು ಯೂಟ್ಯೂಬ್‌ನಲ್ಲಿ ನೇರವಾಗಿ ತೋರಿಸುವ ನಮ್ಮ ಊರುಗಳ ಹುಡುಗರು. ಕಬ್ಬಿಣದ ಕೊಳವೆಗಳ ಅಟ್ಟದ ಮೇಲೆ ನಿಲ್ಲಿಸಿದ ಕ್ಯಾಮೆರಾಕ್ಕೆ ಯಾರ ಮುಖದ ಹತ್ತಿರವೂ ಹೋಗುವಷ್ಟು ಶಕ್ತಿಯಿಲ್ಲ. ಹಾಗಾಗಿ ಮೈದಾನ ಇಡಿಯಾಗಿ ಕಾಣುತ್ತದೆ, ಚೆಂಡಿಲ್ಲದ ಕಡೆ ನಡೆಯುವುದೂ ಕಾಣುತ್ತದೆ. ಓಡಲಾರದೆ ಸೊಂಟಕ್ಕೆ ಕೈಕೊಟ್ಟು ನಿಂತ ಚಿಕ್ಕಪ್ಪ, ಬದಲಿಯಾಗಿ ಇಳಿಯುವ ಮುನ್ನ ನೆಲ ಮುಟ್ಟಿ ನಮಸ್ಕರಿಸುವ ಹುಡುಗಿ, ಎಲ್ಲರೂ ಅಲ್ಲಿರುತ್ತಾರೆ.

ಅದಕ್ಕಿಂತ ಮುಖ್ಯವಾದದ್ದು ವೀಕ್ಷಕ ವಿವರಣೆ. ಕೊಡವ ತಕ್ಕಿನಲ್ಲೂ ಕನ್ನಡದಲ್ಲೂ ಓತಪ್ರೋತವಾಗಿ ಹರಿಯುವ ಆ ಮಾತನ್ನು ಕೇಳಲೆಂದೇ ನಾನು ಎಷ್ಟೋ ಬಾರಿ ಕೆಲಸ ಮಾಡುತ್ತಾ ಮೊಬೈಲನ್ನು ಪಕ್ಕದಲ್ಲಿಟ್ಟುಕೊಳ್ಳುತ್ತೇನೆ. ಚೆಂಡು ಯಾರ ಹತ್ತಿರವಿದೆ ಎಂದಷ್ಟೇ ಹೇಳಿ ಅವರು ಬಿಡುವುದಿಲ್ಲ. ಈಕೆ ಯಾರ ಮಗಳು, ಯಾವ ಮನೆಗೆ ಕೊಟ್ಟದ್ದು, ಇವರ ಅಜ್ಜ ಸೇನೆಯಲ್ಲಿ ಯಾವ ಹುದ್ದೆಯಲ್ಲಿದ್ದರು, ಹಿಂದಿನ ಯಾವ ವರ್ಷ ಇದೇ ಎರಡು ಕುಟುಂಬಗಳು ಎದುರಾಗಿದ್ದವು ಎಂದು ಹೇಳುತ್ತಲೇ ಹೋಗುತ್ತಾರೆ. ಗೆಲ್ಲುವವರಿಗೆ ಒಂದು ಮಾತು, ಸೋಲುವವರಿಗೆ ಒಂದು ಮಾತು ಎಂಬ ಭೇದ ಅಲ್ಲಿಲ್ಲ. ಸಿನಿಮಾದಲ್ಲಿ ನಾಯಕನೊಬ್ಬನಿಗೆ ಮಾತ್ರ ಹಿಂದಿನ ಕಥೆಯಿರುತ್ತದೆ, ಎದುರಾಳಿ ತಂಡದವರಿಗೆ ಬರೀ ಜೆರ್ಸಿಯ ಬಣ್ಣ. ಇಲ್ಲಿ ಮೈದಾನದಲ್ಲಿರುವ ಇಪ್ಪತ್ತೆರಡು ಜನರಿಗೂ ಕಥೆಯಿದೆ. ದುಬೈಯಲ್ಲೋ ಕೆನಡಾದಲ್ಲೋ ಕುಳಿತವರು ಕೆಳಗೆ ಬರೆಯುತ್ತಿರುತ್ತಾರೆ, ಅದನ್ನು ಓದುವುದೂ ಒಂದು ಸಂತೋಷ.

‘ಗೋಲ್ಡ್’ ಚಿತ್ರ ಬಿಡುಗಡೆಯಾದದ್ದು 2018ರ ಆಗಸ್ಟ್ 15ಕ್ಕೆ. ನಾನು ಅದನ್ನು ನೋಡಿದ್ದು ಬಹಳ ತಡವಾಗಿ. ಅದೇ ವಾರ ಮಕ್ಕಂದೂರು, ಮೊಣ್ಣಂಗೇರಿ, ಜೋಡುಪಾಲದ ಕಡೆ ಗುಡ್ಡಗಳು ಜಾರಿ ಮನೆ, ತೋಟ, ಗದ್ದೆಗಳನ್ನು ಹೊತ್ತುಕೊಂಡು ಹೋದವು. ಹಾಕಿ ಹಬ್ಬ 2019ರಲ್ಲಿ ನಡೆಯಲಿಲ್ಲ. ಮರುವರ್ಷ ಕೊರೊನಾ ಬಂತು, 2021, 2022ರಲ್ಲೂ ಇಲ್ಲ. ಹಬ್ಬವನ್ನು ಆರಂಭಿಸಿದ ಕುಟ್ಟಪ್ಪನವರು 2020ರಲ್ಲಿ ತೀರಿಕೊಂಡರು. 2023ರಲ್ಲಿ ನಾಪೋಕ್ಲುವಿನಲ್ಲಿ ಮತ್ತೆ ಶುರುವಾದಾಗ ಹೆಸರು ಕೊಟ್ಟ ಕುಟುಂಬಗಳು 336. ಇಷ್ಟು ವರ್ಷ ನಿಂತುಹೋದದ್ದು ಮತ್ತೆ ಜನ ಸೇರಿಸೀತೇ ಎಂಬ ಅನುಮಾನ ಪೇಟೆಯಲ್ಲಿ ಹಲವರಿಗಿತ್ತು. ಆ ನಾಲ್ಕು ವರ್ಷಗಳಲ್ಲಿ ಯಾರೂ ಕೊನೆಯ ಕ್ಷಣದ ಗೋಲು ಹೊಡೆಯಲಿಲ್ಲ. ಒಬ್ಬರು ಇನ್ನೊಬ್ಬರಿಗೆ ಫೋನು ಮಾಡಿದರು, ಅಟ್ಟದ ಮೇಲಿದ್ದ ಸ್ಟಿಕ್‌ಗಳನ್ನು ಇಳಿಸಿದರು, ಹನ್ನೊಂದು ಜನರನ್ನು ಹೊಂದಿಸಿದರು.

ಆ ವರ್ಷದ ಮೊದಲ ದಿನಗಳಲ್ಲಿ ವಿವರಣೆ ನೀಡುತ್ತಿದ್ದವರು ಒಂದು ಕಡೆ ತಡವರಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಎತ್ತರದ ಹುಡುಗಿಯೊಬ್ಬಳು ಚೆಂಡು ಹಿಡಿದು ನುಗ್ಗುತ್ತಿದ್ದಳು, ಯಾರೆಂದು ಅವರಿಗೆ ಗುರುತು ಸಿಗಲಿಲ್ಲ. ಕಾಗದ ಸರಿದ ಸದ್ದು ಮೈಕಿನಲ್ಲಿ ಕೇಳಿಸಿತು. ಪಟ್ಟಿ ನೋಡಿ ಹೆಸರು ಓದಿದವರೇ ಜೋರಾಗಿ ಕೂಗಿದರು: ಅಯ್ಯೋ, ಕಳೆದ ಬಾರಿ ತಂದೆಯ ತೋಳಿನ ಮೇಲೆ ಕುಳಿತು ಆಟ ನೋಡಿದ ಮಗುವಿನ ಅಕ್ಕ ಇವಳು, ಆಗ ಗೆರೆಯಾಚೆ ಚೆಂಡು ಹೆಕ್ಕಿಕೊಡುತ್ತಿದ್ದಳು! ಅಷ್ಟರಲ್ಲಿ ಅವಳು ಚೆಂಡು ಕಳೆದುಕೊಂಡಾಗಿತ್ತು. ಅವರು ಅದನ್ನು ಗಮನಿಸದೆ ಅವಳ ತಾತನ ಊರಿನ ಕಥೆ ಹೇಳತೊಡಗಿದರು.